ಎಡಿಟ್ ಮಾಡುವಾಗ ಫೋಟೋ ನಂಬರ್ ಕಣ್ಣೆದುರಿಗೇ ಇರಲಿ

ಮದುವೆ ಮುಗಿದು ವಾರ, ಹತ್ತು ದಿನಕ್ಕೆ ಫೋಟೋ ತೆಗೆಸಿದ ಪಾರ್ಟಿಯವರಿಂದ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಬರುತ್ತದೆ. “4312, 4318, 4330 ಆಲ್ಬಂಗೆ ಹಾಕಿ. 4345ರಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದಾರೆ, ಬೇರೆ ಇದ್ರೆ ನೋಡಿ ಸರ್.” ಸಾವಿರಾರು ಫೋಟೋಗಳಲ್ಲಿ ಅವರಿಗೆ ಬೇಕಾದ್ದು ಯಾವುದು ಅಂತ ನಮಗೆ ತಿಳಿಯುವುದು ಈ ನಂಬರ್‌ನಿಂದಲೇ. ಆದರೆ ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರ ಸ್ಕ್ರೀನ್ ಮೇಲೆ ಅದೇ ಇರುವುದಿಲ್ಲ. ಮಧ್ಯದಲ್ಲಿ ದೊಡ್ಡ ಫೋಟೋ, ಬಲಕ್ಕೆ ಸ್ಲೈಡರ್‌ಗಳು. ಕೆಳಗೆ ಸಣ್ಣ ಫೋಟೋಗಳ ಸಾಲಿರುವ ಫಿಲ್ಮ್‌ಸ್ಟ್ರಿಪ್‌ನಲ್ಲಿ ಆ ನಂಬರ್ ಇರುವ ಫೈಲ್ ಹೆಸರು ಸಣ್ಣಕ್ಷರದಲ್ಲಿ ಬರುತ್ತದೆ. ಜಾಗ ಸಾಲದು ಅಂತ ಅದನ್ನೂ ಮುಚ್ಚಿರುತ್ತಾರೆ.

ಫೋಟೋ ಜೋಡಿಸಿ ಎಡಿಟ್ ಮಾಡುವ ಲೈಟ್‌ರೂಮ್ ಕ್ಲಾಸಿಕ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಒಂದೇ ಕೀ ಸಾಕು. ಎಡಿಟ್ ಮಾಡುವ ‘ಡೆವಲಪ್’ ವಿಭಾಗದಲ್ಲಿರುವಾಗ ‘ಐ’ ಒತ್ತಿ. ಫೋಟೋದ ಎಡಗಡೆ ಮೇಲ್ಮೂಲೆಯಲ್ಲಿ ಫೈಲ್ ಹೆಸರು ಬರುತ್ತದೆ. ಅಲ್ಲಿ ಏನೇನು ಕಾಣಬೇಕು ಅಂತ ಕಂಟ್ರೋಲ್-ಜೆ ಒತ್ತಿ ಆರಿಸಬಹುದು. ಮ್ಯಾಕ್ ಆದರೆ ಕಮಾಂಡ್-ಜೆ. ನಾನು ಮೊದಲ ಸಾಲಿಗೆ ‘ಫೈಲ್ ನೇಮ್ ಅಂಡ್ ಕಾಪಿ ನೇಮ್’ ಇಡುತ್ತೇನೆ. ಕಲರ್ ಒಂದು, ಬ್ಲ್ಯಾಕ್ ಅಂಡ್ ವೈಟ್ ಒಂದು ಅಂತ ವರ್ಚುವಲ್ ಕಾಪಿ ಮಾಡಿದರೆ ಎರಡಕ್ಕೂ ಫೈಲ್ ಹೆಸರು ಒಂದೇ ಅಲ್ವಾ? ಪಕ್ಕದಲ್ಲಿ ‘ಕಾಪಿ 1’ ಅಂತ ಕಂಡರೆ ಗೊಂದಲವಿಲ್ಲ. ಅಲ್ಲೇ ‘ಶೋ ಬ್ರೀಫ್ಲಿ’ ಅಂತ ಒಂದಿದೆ. ಅದಕ್ಕೆ ಟಿಕ್ ಇದ್ದರೆ ಹೆಸರು ಎರಡು ಕ್ಷಣ ಕಂಡು ಮಾಯವಾಗುತ್ತದೆ. ಟಿಕ್ ತೆಗೆಯಿರಿ.

ಫೋಟೋಶಾಪ್‌ನಲ್ಲಿ ಹೆಸರು ಮೇಲಿನ ಟ್ಯಾಬ್‌ನಲ್ಲೇ ಇರುತ್ತದೆ. ‘ಎಫ್’ ಒತ್ತಿ ಫುಲ್ ಸ್ಕ್ರೀನ್‌ಗೆ ಹೋದರೆ ಮಾತ್ರ ಕಾಣುವುದಿಲ್ಲ.

ಹೆಸರು ಕಂಡರಷ್ಟೇ ಸಾಲದು, ಒಂದು ಹೆಸರಿನ ಫೋಟೋ ಒಂದೇ ಇರಬೇಕು. ಇದನ್ನು ನಾನು ಕಲಿತದ್ದು ಒಂದು ಆಲ್ಬಂ ಪ್ರಿಂಟ್ ಆಗಿ ಬಂದ ಮೇಲೆ. ನನ್ನದೊಂದು ಕ್ಯಾಮೆರಾ, ಜೊತೆಗಾರನದೊಂದು. ಪಾರ್ಟಿಯವರು 4312 ಅಂದದ್ದು ಧಾರೆ ಎರೆಯುವಾಗ ಹುಡುಗಿಯ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ ಫೋಟೋಗೆ. ಜೊತೆಗಾರನ ಕಾರ್ಡ್‌ನಲ್ಲೂ ಒಂದು 4312 ಇತ್ತು, ಊಟದ ಪಂಕ್ತಿಯದು. ಪುಟದ ತುಂಬ ಬಂದದ್ದು ಪಂಕ್ತಿ! ಆಲ್ಬಂ ಮತ್ತೆ ಮಾಡಿಸಿಕೊಟ್ಟೆ. ಆದರೂ ಆ ಪುಟ ತಿರುವಿದಾಗ ಆ ತಂದೆ ಏನೂ ಮಾತಾಡದೆ ಕೂತದ್ದು ಇವತ್ತಿಗೂ ನೆನಪಿದೆ.

ಕ್ಯಾಮೆರಾಗಳು ಹೆಸರಿಡುವ ಕ್ರಮವೇ ಹಾಗೆ. ಡಿಸಿಎಫ್ ಅನ್ನುವ ನಿಯಮದ ಪ್ರಕಾರ ಹೆಸರಿಗೆ ಎಂಟೇ ಮನೆ. ನಾಲ್ಕು ಅಕ್ಷರಕ್ಕೆ, ನಾಲ್ಕು ಅಂಕಿಗೆ. ನಿಕಾನ್ ಆದರೆ ‘ಡಿಎಸ್‌ಸಿ’, ಕ್ಯಾನನ್ ಆದರೆ ‘ಐಎಂಜಿ’, ಜೊತೆಗೊಂದು ಅಡಿಗೆರೆ (_). 9999 ಮುಗಿದರೆ ಮತ್ತೆ 0001. ಮದುವೆ ಮಧ್ಯದಲ್ಲಿ ಹೀಗಾಯಿತು ಅನ್ನಿ. ಹೆಸರಿನ ಪ್ರಕಾರ ಜೋಡಿಸಿದಾಗ ಧಾರೆ ಮೊದಲು ಬಂದು ಅರಿಶಿನ ಶಾಸ್ತ್ರ ಆಮೇಲೆ ಬರುತ್ತದೆ.

ಈಗ ನಾನು ಎರಡು ಕೆಲಸ ಮಾಡುತ್ತೇನೆ. ನಿಕಾನ್‌ನ ಎಷ್ಟೋ ಕ್ಯಾಮೆರಾಗಳ ಮೆನುವಿನಲ್ಲಿ ‘ಫೈಲ್ ನೇಮಿಂಗ್’ ಇದೆ. ‘ಡಿಎಸ್‌ಸಿ’ ಬದಲು ನಮ್ಮದೇ ಮೂರು ಅಕ್ಷರ ಕೊಡಬಹುದು. ಪ್ರತಿ ಕ್ಯಾಮೆರಾಗೂ ಬೇರೆ ಬೇರೆ ಕೊಟ್ಟಿದ್ದೇನೆ. ಆಮೇಲೆ ಲೈಟ್‌ರೂಮ್‌ಗೆ ಇಂಪೋರ್ಟ್ ಮಾಡುವಾಗಲೇ ತಾರೀಖು, ಕ್ಯಾಮೆರಾದ ಗುರುತು, ನಂಬರ್ ಸೇರಿಸಿ ಹೊಸ ಹೆಸರು ಕೊಡುತ್ತೇನೆ. ಪಾರ್ಟಿಯವರಿಗೆ ಆಯ್ಕೆಗೆ ಕಳಿಸುವ ಮೊದಲೇ ಇದು ಆಗಬೇಕು. ಒಮ್ಮೆ ಕಳಿಸಿದ ಮೇಲೆ ಹೆಸರು ಮುಟ್ಟಲೇಬಾರದು.

ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಈ ಶ್ರಮವೆಲ್ಲ ನೀರಲ್ಲಿ ಹೋಮ. ಆಂಡ್ರಾಯ್ಡ್ ಫೋನ್‌ನಲ್ಲಿ ಅದು ತಾರೀಖಿನ ಜೊತೆ ‘ಡಬ್ಲ್ಯೂಎ0007’ ಥರದ ಹೆಸರಲ್ಲಿ ಸೇವ್ ಆಗುತ್ತದೆ. ನಮ್ಮ ನಂಬರ್ ಮಂಗಮಾಯ. ಡಾಕ್ಯುಮೆಂಟ್ ಅಂತ ಕಳಿಸಿ, ಹೆಸರು ಹಾಗೇ ಉಳಿಯುತ್ತದೆ.

ಪಟ್ಟಿ ವಾಪಸ್ ಬಂದಾಗ ಒಂದೊಂದೇ ಹುಡುಕುತ್ತಾ ಕೂರಬೇಡಿ. ಲೈಬ್ರರಿಯಲ್ಲಿ ಕಂಟ್ರೋಲ್-ಎಫ್ ಒತ್ತಿ, ‘ಫೈಲ್‌ನೇಮ್’, ‘ಕಂಟೇನ್ಸ್’ ಆರಿಸಿ, ಪಟ್ಟಿಯಲ್ಲಿರುವ ನಂಬರ್‌ಗಳನ್ನಷ್ಟೇ ಕ್ಯಾಮೆರಾದ ಗುರುತಿನ ಸಮೇತ ಒಟ್ಟಿಗೆ ಅಂಟಿಸಿ. ಆ ಫೋಟೋಗಳಷ್ಟೇ ಉಳಿಯುತ್ತವೆ. ನನಗೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಇದು.

ಮೊಬೈಲ್‌ನಲ್ಲಿ ಆರಿಸಲು ಕಷ್ಟಪಡುವ ಹಿರಿಯರಿಗೆ ಮಾತ್ರ ಪ್ರಿಂಟ್ ಮಾಡಿಕೊಡುತ್ತೇನೆ. ಲೈಟ್‌ರೂಮ್‌ನ ಪ್ರಿಂಟ್ ವಿಭಾಗದಲ್ಲಿ ‘ಫೋಟೋ ಇನ್ಫೋ’ಗೆ ಟಿಕ್ ಹಾಕಿ ‘ಫೈಲ್‌ನೇಮ್’ ಆರಿಸಿದರೆ ಪ್ರತಿ ಫೋಟೋದ ಕೆಳಗೂ ಹೆಸರು ಬರುತ್ತದೆ. ಒಂದು ಹಾಳೆಗೆ ಹನ್ನೆರಡು ಫೋಟೋ ಇಟ್ಟರೆ ಮುಖಗಳು ಚೆನ್ನಾಗಿ ಕಾಣುತ್ತವೆ. ಜೊತೆಗೆ ಒಂದು ಕೆಂಪು ಪೆನ್ನು ಕೊಟ್ಟು ಬರುತ್ತೇನೆ. ಬೇಕಾದ ನಂಬರ್‌ಗೆ ಸುತ್ತು ಹಾಕಿ ಕಳಿಸುತ್ತಾರೆ.