ವಿಡಿಯೋ ಕಳಿಸಬೇಡಿ, ಫೋನ್ ತನ್ನಿ

ಪಾಂಡವಪುರ ಕಡೆಯ ಹುಡುಗನೊಬ್ಬ ಚಾಮರಾಜಪುರಂನ ನನ್ನ ಕಚೇರಿಗೆ ಬಂದಿದ್ದ. ಸಣ್ಣದೊಂದು ಯೂಟ್ಯೂಬ್ ಚಾನೆಲ್ ನಡೆಸುತ್ತಾನೆ. ಎಲೆಕ್ಷನ್ ಹೊತ್ತಿನಲ್ಲಿ ರಾತ್ರಿ ಟೆಂಪೋದಿಂದ ಸೀರೆ ಹಂಚುತ್ತಿದ್ದುದನ್ನು ಜೀವ ಕೈಯಲ್ಲಿ ಹಿಡಿದುಕೊಂಡು ವಿಡಿಯೋ ಮಾಡಿದ್ದ. ಊರೆಲ್ಲ ನೋಡಿತು. ಎದುರಿನವರು ‘ಇದು ಹಳೇ ಎಲೆಕ್ಷನ್ನಿಂದು’ ಅಂದರು. ಕೊನೆಗೆ ಮಾನನಷ್ಟದ ನೋಟಿಸ್ ಬಂದದ್ದು ಇವನಿಗೇ.

‘ಎಲ್ಲಿ, ಒರಿಜಿನಲ್ ತೋರಿಸಪ್ಪ’ ಅಂದೆ. ವಾಟ್ಸಾಪ್ ತೆರೆದ. ಮೇಲೆ ಲೋಗೋ, ಕೆಂಪು ಬಾಣ, ಹಿಂದೆ ತಮಟೆ ಸದ್ದು.

‘ಇದಲ್ಲ. ಫೋನಲ್ಲಿ ತೆಗೆದದ್ದು?’

‘ಸ್ಟೋರೇಜ್ ಫುಲ್ ಆಗಿತ್ತು ಮೇಡಂ, ಡಿಲೀಟ್ ಮಾಡ್ದೆ. ಶುರುನಲ್ಲಿ ಏನೂ ಇರ್ಲಿಲ್ಲ. ಬರೀ ಹಾಲಿನ ಡೈರಿ ಬೋರ್ಡು, ಪಕ್ಕದಲ್ಲಿ ಜಾತ್ರೆ ಫ್ಲೆಕ್ಸು.’

ಡೈರಿ ಬೋರ್ಡಿನಲ್ಲಿ ಊರಿನ ಹೆಸರು, ಫ್ಲೆಕ್ಸಿನಲ್ಲಿ ಜಾತ್ರೆಯ ತಾರೀಖು. ಅವನನ್ನು ಉಳಿಸುವ ನಲವತ್ತು ಸೆಕೆಂಡನ್ನೇ ಅವನು ಕತ್ತರಿಸಿ ಎಸೆದಿದ್ದ.

ಇಂಥವರನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ. ಧೈರ್ಯಕ್ಕೆ ಕಡಿಮೆಯಿಲ್ಲ. ಇವರ ಕೈಲಿರುವ ಶಕ್ತಿಯೂ ಸುಳ್ಳಲ್ಲ. 2019ರಲ್ಲಿ ಮಂಡ್ಯದಲ್ಲಿ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಹಳೇ ಸಮಾರಂಭವೊಂದರ ತುಣುಕನ್ನು ಪ್ರಚಾರದ ಮಾತಾಗಿಸಿದ್ದು ಫೋನ್ ಹಿಡಿದ ಹುಡುಗರೇ ಅಲ್ವಾ? ಆದರೆ ತಮಾಷೆಗೆ ತುಣುಕು ಸಾಕು. ಒಬ್ಬರ ಮೇಲೆ ಆರೋಪ ಹೊರಿಸುವಾಗ ಸಾಲದು.

ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ವಿಡಿಯೋ ಕುಗ್ಗುತ್ತದೆ. ಯಾವಾಗ, ಎಲ್ಲಿ, ಯಾವ ಫೋನಿನಲ್ಲಿ ತೆಗೆದದ್ದು ಎಂಬ ಗುರುತುಗಳು ಬಹುಪಾಲು ಅಳಿಸಿಹೋಗುತ್ತವೆ. ನಿಮ್ಮ ಕೈಲಿ ಉಳಿಯುವುದು ನಕಲು, ಅಷ್ಟೇ. ಪ್ರತಿ ಫೈಲಿಗೂ ಹ್ಯಾಶ್ ಅಂತ ಒಂದು ಲೆಕ್ಕ ತೆಗೆಯುತ್ತಾರೆ, ಬೆರಳಚ್ಚು ಇದ್ದ ಹಾಗೆ. ಒಂದು ಸೆಕೆಂಡ್ ಕತ್ತರಿಸಿದರೂ ಅದು ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿಡಿಯೋದಂಥ ಡಿಜಿಟಲ್ ಸಾಕ್ಷಿಯ ಜತೆ ಕೊಡುವ ಸರ್ಟಿಫಿಕೇಟಿನಲ್ಲಿ ಈ ಹ್ಯಾಶ್ ಬರೆಯಬೇಕು. ಅದಕ್ಕೂ ಮೊದಲು, 2020ರಲ್ಲಿ, ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೇ ಕಾಯ್ದೆಯಡಿ ಹೇಳಿದ್ದು ಇಷ್ಟು: ಫೋನಿನ ಮಾಲೀಕರೇ ಕಟಕಟೆಗೆ ಬಂದು ಅದೇ ಫೋನ್ ಹಾಜರುಪಡಿಸಿದರೆ ಅದು ಮೂಲ, ನಕಲಾದರೆ ಸರ್ಟಿಫಿಕೇಟ್ ಬೇಕೇ ಬೇಕು. ಅದೂ ಚುನಾವಣೆ ತಕರಾರೇ. ನಾಮಪತ್ರ ತಡವಾಗಿ ಕೊಟ್ಟರು ಎಂಬುದಕ್ಕೆ ವಿಡಿಯೋ ಸಾಕ್ಷಿಯಾಗಿತ್ತು. ನಿಮ್ಮ ಕೇಸಿಗೆ ಇದು ಹೇಗೆ ಅನ್ವಯಿಸುತ್ತದೆ ಅನ್ನುವುದನ್ನು ಕಾಗದಪತ್ರ ನೋಡದೆ ನಾನು ಹೇಳಲಾರೆ.

ಚುನಾವಣಾ ಅಕ್ರಮದ ದೂರು ಕೊಡಲು ಇರುವ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಕೂಡ ಗ್ಯಾಲರಿಯಲ್ಲಿರುವ ವಿಡಿಯೋ ತೆಗೆದುಕೊಳ್ಳುವುದಿಲ್ಲ. ಅದರಲ್ಲೇ, ಸ್ಥಳದಲ್ಲೇ ತೆಗೆಯಬೇಕು. ಕಾರಣ ಇಷ್ಟೇ.

ಎಡಿಟ್ ಮಾಡಿ, ತಮಟೆ ಹಾಕಿ, ನನ್ನದೇನೂ ತಕರಾರಿಲ್ಲ. ಅದಕ್ಕೆ ಕಾಪಿ ಬಳಸಿ. ಮೂಲ ಫೈಲನ್ನು ಮುಟ್ಟಬೇಡಿ. ಫಲಿತಾಂಶದ ಮೇಲೆ ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕಲು 45 ದಿನ ಇರುತ್ತದೆ. ವಿಚಾರಣೆ ಮುಗಿಯಲು ವರ್ಷಗಳೇ ಹಿಡಿಯಬಹುದು. ಅಷ್ಟೂ ದಿನ ಅದು ಇರಬೇಕು.

ಕೆ.ಆರ್. ಪೇಟೆ ಕಡೆಯ ಯಜಮಾನರೊಬ್ಬರು ನಾಲೆ ನೀರಿನ ಸಭೆಯನ್ನು ಇಪ್ಪತ್ತೆರಡು ನಿಮಿಷ ಒಂದೇ ಸಮ ತೆಗೆದಿದ್ದರು. ಅರ್ಧದಷ್ಟು ಬರೀ ನೆಲ, ಚಪ್ಪಲಿಗಳು. ಮಗ ಹೊಸ ಫೋನ್ ಕೊಡಿಸಿದರೂ ಹಳೆಯದನ್ನು ಮಾರಲು ಬಿಟ್ಟಿರಲಿಲ್ಲ. ‘ಅಕ್ಕಿ ಡಬ್ಬದಲ್ಲಿ ಮಡಗಿದ್ದೆ ಕಣವ್ವ’ ಅಂತ ಟವಲ್ ಬಿಚ್ಚಿ ಮೇಜಿನ ಮೇಲಿಟ್ಟರು. ಗಾಜು ಒಡೆದಿತ್ತು. ಚಾರ್ಜರನ್ನೂ ತಂದಿದ್ದರು.