ಮ್ಯೂನಿಕ್‌ನ ಸಂಬಳ, ಕೆಮ್ನಿಟ್ಸ್‌ನ ಬಾಡಿಗೆ

ಜರ್ಮನಿಗೆ ಹೊರಟ ಎಂಜಿನಿಯರುಗಳ ಆಫರ್ ಲೆಟರ್ ಓದಿ ಹೇಳುವುದು ನನ್ನ ಕೆಲಸ. ಬರುವವರು ವರ್ಷದ ಸಂಬಳವನ್ನು ರೂಪಾಯಿಗೆ ಗುಣಿಸಿಕೊಂಡೇ ಬಂದಿರುತ್ತಾರೆ. ನಾನು ಮೊದಲು ಕೇಳುವುದು, ಊರು ಯಾವುದು ಅಂತ.

2025ರಲ್ಲಿ ದಾವಣಗೆರೆ ಕಡೆಯ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರ ಕೈಯಲ್ಲಿ ಎರಡು ಆಫರ್ ಇದ್ದವು. ಮ್ಯೂನಿಕ್‌ನದು 54,000 ಯೂರೊ, ಸ್ಯಾಕ್ಸನಿ ರಾಜ್ಯದ ಕೆಮ್ನಿಟ್ಸ್‌ನದು 46,000. "ಎಂಟು ಸಾವಿರ ಯಾಕೆ ಬಿಡ್ಲಿ ಸರ್?" ಅಂದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಅಲ್ಲಿ ಆದಾಯ ತೆರಿಗೆಯ ಜೊತೆಗೆ ಪಿಂಚಣಿ, ಆರೋಗ್ಯ, ನಿರುದ್ಯೋಗ, ದೀರ್ಘಕಾಲದ ಆರೈಕೆ ಈ ನಾಲ್ಕು ವಿಮೆಗಳ ಕಂತೂ ಸಂಬಳದಿಂದಲೇ ಕಡಿತವಾಗುತ್ತದೆ. ಮದುವೆಯಾಗದವರಿಗೆ 54,000ದಲ್ಲಿ ತಿಂಗಳಿಗೆ ಕೈಗೆ ಬರುವುದು ಸುಮಾರು 2,850 ಯೂರೊ, 46,000ದಲ್ಲಿ ಸುಮಾರು 2,500. ವರ್ಷಕ್ಕೆ ಎಂಟು ಸಾವಿರ ಅನ್ನಿಸಿದ್ದು ತಿಂಗಳಿಗೆ 350ಕ್ಕೆ ಇಳಿಯಿತು. ಒಬ್ಬರಿಗೆ ಸಾಕಾಗುವ ಪುಟ್ಟ ಮನೆಗೆ ಹೀಟಿಂಗ್ ಸೇರಿ ಮ್ಯೂನಿಕ್‌ನಲ್ಲಿ 1,200ರ ಹತ್ತಿರ ಹೋಗುತ್ತದೆ. ಕೆಮ್ನಿಟ್ಸ್‌ನಲ್ಲಿ 450ಕ್ಕೆ ಸಿಗುತ್ತದೆ. ಬಾಡಿಗೆ ಕಳೆದ ಮೇಲೆ ಕಡಿಮೆ ಸಂಬಳದವರ ಕೈಯಲ್ಲೇ ನಾನೂರು ಯೂರೊ ಹೆಚ್ಚು ಉಳಿಯುತ್ತದೆ.

ವೀಸಾಕ್ಕೂ ಅಡ್ಡಿಯಿರಲಿಲ್ಲ. ಪದವಿ ಓದಿದ ವಿದೇಶಿ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿಗೆ 2025ರಲ್ಲಿ 48,300 ಯೂರೊ ಸಂಬಳ ಬೇಕಿತ್ತು. ಆದರೆ ಎಂಜಿನಿಯರ್, ಐಟಿಯಂತೆ ಜನರ ಕೊರತೆಯಿರುವ ಹುದ್ದೆಗಳಿಗೆ 43,759.80 ಸಾಕಿತ್ತು. ಈ ಮಿತಿ ಪ್ರತಿ ಜನವರಿಗೆ ಬದಲಾಗುತ್ತದೆ, ಅರ್ಜಿ ಹಾಕುವ ವರ್ಷದ್ದನ್ನೇ ನೋಡಿಕೊಳ್ಳಿ.

ಮಂಗಳೂರು ಕಡೆಯ ಕ್ಯಾಥೊಲಿಕ್ ಕುಟುಂಬದವರಿಗೆ ಇನ್ನೊಂದು ಮಾತು. ಅಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಆ ಫಾರಂನಲ್ಲಿ ಧರ್ಮವನ್ನೂ ಕೇಳುತ್ತಾರೆ. ಕ್ಯಾಥೊಲಿಕ್ ಎಂದು ಬರೆದರೆ ಚರ್ಚ್ ತೆರಿಗೆ ಶುರುವಾಗುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ 8, ಸ್ಯಾಕ್ಸನಿಯಲ್ಲಿ ಶೇ 9. ಇದ್ದದ್ದನ್ನು ಇದ್ದಂತೆಯೇ ಬರೆಯಬೇಕು. ಮೊದಲ ಪೇಸ್ಲಿಪ್ ನೋಡಿ ಗಾಬರಿಯಾಗುವವರನ್ನು ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಮನೆ ಹಿಡಿಯುವಾಗ ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಅಡ್ವಾನ್ಸ್ ಕೇಳಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಸಲೀಸು ಅನ್ನಿಸೀತು. ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಖಾಲಿ, ಒಲೆಯಿರಲಿ ಸಿಂಕ್ ಕೂಡ ಇರುವುದಿಲ್ಲ. ಮೊದಲ ಸಂಬಳ ಬರುವ ತನಕದ ಖರ್ಚಿಗೆ ನಾಲ್ಕೈದು ಸಾವಿರ ಯೂರೊ ಇಟ್ಟುಕೊಂಡೇ ವಿಮಾನ ಹತ್ತಿ ಎನ್ನುತ್ತೇನೆ.

ಇಷ್ಟು ಕೇಳಿದ ಮೇಲೆ ಕೆಮ್ನಿಟ್ಸ್‌ಗೇ ಹೋಗಿಬಿಡೋಣ ಅನ್ನಿಸುತ್ತದೆ. ತಡೆಯಿರಿ. ಮ್ಯೂನಿಕ್, ಬರ್ಲಿನ್‌ನ ದೊಡ್ಡ ಕಂಪನಿಗಳಲ್ಲಿ ಇಂಗ್ಲಿಷ್‌ನಲ್ಲಿ ಬದುಕಿಬಿಡಬಹುದು. ಬಾಡಿಗೆ ಕಡಿಮೆಯಿರುವ ಊರುಗಳಲ್ಲಿ ಅದು ಕಷ್ಟ. ಶಾಪ್‌ಫ್ಲೋರಿನ ಫೋರ್‌ಮನ್, ಮನೆ ಮಾಲೀಕ, ದಂತವೈದ್ಯರ ರಿಸೆಪ್ಷನಿಸ್ಟ್, ಎಲ್ಲರ ಮಾತೂ ಜರ್ಮನ್, ಅದೂ ಸ್ಯಾಕ್ಸನಿಯ ಧಾಟಿಯಲ್ಲಿ. ಭಾಷೆ ಬಾರದೆ ಚಳಿಗಾಲದಲ್ಲಿ ಒಬ್ಬರೇ ಕೋಣೆಯಲ್ಲಿ ಕೂತು, ಆರೇ ತಿಂಗಳಿಗೆ ವಾಪಸ್ ಬಂದವರು ನನ್ನ ಮುಂದೆ ಅತ್ತಿದ್ದಾರೆ. ಅವರ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಬೆಂಗಳೂರಿನಲ್ಲೇ ಗಯಟೆ ಸಂಸ್ಥೆಯ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ. ಆಫರ್‌ಗೆ ಕಾಯದೆ, ಅರ್ಜಿ ಹಾಕಲು ಶುರುಮಾಡಿದ ದಿನವೇ ಸೇರಿಕೊಳ್ಳಿ. ಬ್ಲೂ ಕಾರ್ಡ್ ಇರುವವರಿಗೆ ಎ1 ಅಂದರೆ ತೀರಾ ಆರಂಭದ ಮಟ್ಟದ ಜರ್ಮನ್ ಇದ್ದರೆ 27 ತಿಂಗಳಲ್ಲಿ, ಬಿ1 ಅಂದರೆ ಮಧ್ಯಮ ಮಟ್ಟದ್ದು ಇದ್ದರೆ 21 ತಿಂಗಳಲ್ಲೇ ಕಾಯಂ ವಾಸದ ಪರವಾನಗಿಗೆ ದಾರಿ ತೆರೆಯುತ್ತದೆ.

ದಾವಣಗೆರೆಯ ಹುಡುಗ ಕೆಮ್ನಿಟ್ಸ್ ಕಂಪನಿಗೆ ಬರೆದು, ಸೇರುವ ದಿನವನ್ನು ಮೂರು ತಿಂಗಳು ಮುಂದಕ್ಕೆ ಹಾಕಿಸಿಕೊಂಡರು. ಎ2 ಪರೀಕ್ಷೆ ಮುಗಿಸಿಯೇ ಹೊರಟರು.