ಟಿಕ್ ಹಾಕಿದ್ದನ್ನು ಕೂಡಿಸಿದರೆ ಮನಸ್ಸು ಗೊತ್ತಾಗುತ್ತಾ?

ಪ್ರಶ್ನೆ: ಮಗಳು ಮಂಗಳೂರಿನಲ್ಲಿ ಹಾಸ್ಟೆಲಲ್ಲಿದ್ದು ಓದುತ್ತಿದ್ದಾಳೆ. ಕಾಲೇಜಿನಲ್ಲಿ ಎಲ್ಲರಿಗೂ ಒಂದು ಹಾಳೆ ಕೊಟ್ಟು ಒಂಬತ್ತು ಪ್ರಶ್ನೆಗೆ ಟಿಕ್ ಹಾಕಿಸಿದರಂತೆ. ಇವಳಿಗೆ 12 ಬಂತು, ಕೌನ್ಸೆಲರ್ ಹತ್ತಿರ ಹೋಗು ಅಂದರಂತೆ. ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಸುಮ್ನೆ ಟಿಕ್ ಕೂಡಿಸಿ ಮನಸ್ಸಿನ ವಿಷಯ ಹೇಗೆ ಹೇಳುತ್ತಾರೆ? ಯಾರು ಬೇಕಾದರೂ ಸುಳ್ಳು ಬರೆಯಬಹುದಲ್ವಾ? (ಉಡುಪಿಯ ಓದುಗರೊಬ್ಬರು)

ಉತ್ತರ: ಬರೆಯಬಹುದು. ಯಾರೂ ತಡೆಯುವುದಿಲ್ಲ. ಆದರೆ ಇಂಥ ಹಾಳೆ ಹಿಡಿದುಕೊಂಡು ಮನೆ ಮನೆ ತಿರುಗಿದವಳು ನಾನು. ಬೇಕೂಂತಲೇ ಸುಳ್ಳು ಬರೆಯುವವರು ನನಗೆ ಸಿಕ್ಕಿದ್ದು ಕಡಿಮೆ. ನಾವು ಒಂದು ಕೇಳಿ, ಅವರಿಗೆ ಇನ್ನೊಂದು ಅರ್ಥವಾಗಿ, ಪಾಪ ಪ್ರಾಮಾಣಿಕವಾಗಿಯೇ ಬೇರೆ ಚೌಕದಲ್ಲಿ ಟಿಕ್ ಬೀಳುವುದೇ ಜಾಸ್ತಿ. ಸಂಶಯ ಪಡಿ, ಆದರೆ ಮಗಳ ಮೇಲೆ ಅಲ್ಲ, ಹಾಳೆಯ ಮೇಲೆ.

ನೀವು ಹೇಳಿದ ಲೆಕ್ಕ ನೋಡಿದರೆ ಅದು ಖಿನ್ನತೆ (ಡಿಪ್ರೆಶನ್) ಇರಬಹುದಾ ಅಂತ ನೋಡುವ ಪ್ರಶ್ನಾವಳಿ, ಪಿಎಚ್‌ಕ್ಯೂ-9 ಇರಬೇಕು. ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಎಂಬ ಮೂವರು ಅಮೆರಿಕದಲ್ಲಿ 2001ರಲ್ಲಿ ಅದರ ಪರೀಕ್ಷೆಯ ಫಲ ಪ್ರಕಟಿಸಿದರು. ಎಲ್ಲ ಪ್ರಶ್ನೆಗಳೂ ಕಳೆದ ಎರಡು ವಾರದ ಬಗ್ಗೆ. ನಿದ್ದೆ, ಊಟ, ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹೀಗೆ. ಉತ್ತರ ನಾಲ್ಕೇ: ಒಂದು ದಿನವೂ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಮ್ಮಿ ದಿನಾಲೂ. ಇವಕ್ಕೆ 0, 1, 2, 3 ಅಂಕ. ಒಟ್ಟು 27. ಐದರಿಂದ ಒಂಬತ್ತು ಬಂದರೆ ಸ್ವಲ್ಪ, 10ರಿಂದ 14 ಬಂದರೆ ಮಧ್ಯಮ, 15ರಿಂದ 19 ಬಂದರೆ ಗಂಭೀರ, 20 ಮುಟ್ಟಿದರೆ ತೀವ್ರ ಅಂತ ಲೆಕ್ಕ.

ರಕ್ತ ಪರೀಕ್ಷೆ ಯಾಕಿಲ್ಲ ಅಂದರೆ, ಖಿನ್ನತೆ ಇದೆಯೋ ಇಲ್ಲವೋ ಅಂತ ಹೇಳುವ ರಕ್ತ ಪರೀಕ್ಷೆಯೇ ಇಲ್ಲ. ಹಲ್ಲು ಹುಳುಕಾಗಿದೆ ಅಂತ ಎಕ್ಸ್‌ರೇ ಹೇಳುತ್ತದೆ. ರಾತ್ರಿ ಎಷ್ಟು ನೋಯಿತು ಅಂತ ಹೇಳಬೇಕಾದವರು ನೋವು ತಿಂದವರೇ. ಮನಸ್ಸಿನ ಮಟ್ಟಿಗೆ ಅರ್ಧಕ್ಕರ್ಧ ಕೆಲಸ ಹೀಗೆ ಕೇಳಿ ತಿಳಿಯುವುದೇ.

ಈ ಕೇಳಿ ಟಿಕ್ ಹಾಕಿಸುವ ಪದ್ಧತಿಗೆ ನೂರು ವರ್ಷ ದಾಟಿತು. ಮೊದಲ ಮಹಾಯುದ್ಧದಲ್ಲಿ ಗುಂಡಿನ ಸದ್ದಿಗೇ ಕುಸಿದು ಹೋಗುವ ಸೈನಿಕರನ್ನು ಮೊದಲೇ ಗುರುತಿಸಬೇಕು ಅಂತ ಅಮೆರಿಕದ ಸೇನೆಗೆ ಅನ್ನಿಸಿತು. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವಷ್ಟು ವೈದ್ಯರು ಎಲ್ಲಿಂದ ಬರಬೇಕು? ರಾಬರ್ಟ್ ವುಡ್‌ವರ್ತ್ ಅನ್ನುವ ಮನಃಶಾಸ್ತ್ರಜ್ಞ 116 ಪ್ರಶ್ನೆಗಳ ಒಂದು ಹಾಳೆ ಮಾಡಿದ. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಹಾಳೆ ತಯಾರಾಗುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಆದರೆ ಆ ಉಪಾಯ ಉಳಿಯಿತು. ವೈದ್ಯರು ಕಡಿಮೆ, ಜನ ಜಾಸ್ತಿ ಇದ್ದಲ್ಲಿ ಹಾಳೆ ಹಂಚುವುದು ಈಗಲೂ ಅದೇ ಕಾರಣಕ್ಕೆ. ನಿಮ್ಮ ಮಗಳ ಕಾಲೇಜಿನಲ್ಲೂ ಅಷ್ಟೇ.

ಈಗ ನನ್ನ ಕಥೆ ಹೇಳುತ್ತೇನೆ. ಎಂಎಸ್ಸಿ ಓದುವಾಗ ಉಳ್ಳಾಲದ ಕಡೆ ಬೀಡಿ ಕಟ್ಟುವ ಹೆಂಗಸರ ಮನೆಗೆ ಹೋಗುತ್ತಿದ್ದೆ. ಕೈಯಲ್ಲಿ ಫೈಲ್ ಇದ್ದವರೆಲ್ಲ ಅವರಿಗೆ ಟೀಚರೇ. ಒಂದು ಮನೆಯ ಜಗಲಿ. ಅಕ್ಕ ಕಾಲು ಚಾಚಿ ಕೂತಿದ್ದರು, ತೊಡೆ ಮೇಲೆ ತಡ್ಪೆ (ಮೊರ), ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ. ಪಕ್ಕದಲ್ಲಿ ಅತ್ತೆ, ಅವರೂ ಬೀಡಿ ಸುತ್ತುತ್ತಿದ್ದರು. ನಾನು ಓದುತ್ತಿದ್ದೆ, ಅಕ್ಕ ಕೈ ನಿಲ್ಲಿಸದೆ ಉತ್ತರ ಹೇಳುತ್ತಿದ್ದರು.

"ಕಳೆದ ಎರಡು ವಾರದಲ್ಲಿ ಮನಸ್ಸು ಖಿನ್ನವಾಗಿತ್ತಾ ಅಕ್ಕ?"

"ಹಾಗಂದ್ರೆ ಎಂತ ಟೀಚರ್?"

"ದುಃಖ, ಬೇಸರ..."

ಅವರು ಅತ್ತೆ ಕಡೆ ಒಮ್ಮೆ ನೋಡಿದರು. "ಇಲ್ಲಪ್ಪ. ದುಃಖ ಎಂತಕ್ಕೆ? ಎಲ್ಲ ದೇವರು ಕೊಟ್ಟಿದ್ದಾರೆ."

ಸೊನ್ನೆ ಹಾಕಿದೆ. ಒಂಬತ್ತೂ ಮುಗಿದಾಗ ಒಟ್ಟು ಮೂರೋ ನಾಲ್ಕೋ ಬಂತು. ಸುಸ್ತಿಗೆ ಮಾತ್ರ ಅಂಕ. ಅಷ್ಟರಲ್ಲಿ ಅತ್ತೆ ಕಟ್ಟಿದ ಬೀಡಿ ಚೀಲಕ್ಕೆ ತುಂಬಿಕೊಂಡು ಬೀಡಿ ಕಂಪನಿಯ ಬ್ರಾಂಚಿಗೆ ಹೊರಟರು. ಅಕ್ಕ ನನಗೆ ಬೆಲ್ಲ, ನೀರು ತಂದುಕೊಟ್ಟು, ಕೂತುಕೊಂಡು, ಯಾರೂ ಕೇಳದೆಯೇ ಹೇಳಿದರು: "ಮಂಡೆಬೆಚ್ಚ ಉಂಟು ಟೀಚರ್. ತುಂಬಾ ಮಂಡೆಬೆಚ್ಚ. ರಾತ್ರಿ ಎದೆ ಮೇಲೆ ಕಲ್ಲು ಇಟ್ಟ ಹಾಗೆ ಆಗ್ತದೆ. ಬೆಳಿಗ್ಗೆ ಏಳುವುದೇ ಬೇಡ ಅಂತ ಆಗ್ತದೆ."

ಮಂಡೆಬೆಚ್ಚ ಅಂದರೆ ತಲೆಬಿಸಿ, ಚಿಂತೆ. ಹಾಳೆಯಲ್ಲಿ ಅದಕ್ಕೆ ಚೌಕವೇ ಇರಲಿಲ್ಲ. ಇಲ್ಲಿ ಅಕ್ಕ ಸುಳ್ಳು ಹೇಳಿದರಾ? ನನಗೆ ಹಾಗೆ ಅನ್ನಿಸುವುದಿಲ್ಲ. ಅತ್ತೆ ಎದುರು ಕೇಳಿದ್ದು ನನ್ನ ತಪ್ಪು. ಸೂಕ್ಷ್ಮ ವಿಷಯಗಳನ್ನು ಎದುರು ಕೂತು ಕೇಳಿದಾಗ ಒಪ್ಪಿಕೊಳ್ಳುವುದಕ್ಕಿಂತ, ತಾವೇ ಮೂಲೆಯಲ್ಲಿ ಕೂತು ತುಂಬುವಾಗ ಜನ ಹೆಚ್ಚು ಒಪ್ಪಿಕೊಳ್ಳುತ್ತಾರೆ. ಇದು ಸಮೀಕ್ಷೆ ಮಾಡುವವರಿಗೆಲ್ಲ ಗೊತ್ತಿರುವ ಮಾತು. ಗೊತ್ತಿದ್ದೂ ನಾನು ಜಗಲಿಯಲ್ಲೇ ಕೇಳಿದೆ. ಇನ್ನೊಂದು ತಪ್ಪು ಭಾಷೆಯದ್ದು. 'ಖಿನ್ನ' ಅನ್ನುವುದು ಪುಸ್ತಕದ ಮಾತು. ಜಗಲಿಯಲ್ಲಿ ಯಾರೂ ಖಿನ್ನರಾಗುವುದಿಲ್ಲ. ಅವರ ಮಂಡೆ ಬಿಸಿಯಾಗುತ್ತದೆ, ಎದೆ ಭಾರವಾಗುತ್ತದೆ, ಮೈಯೆಲ್ಲ ಉರಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಮನಸ್ಸಿನ ದುಃಖ ಹೇಳಿಕೊಳ್ಳುವುದು ನಾಚಿಕೆಯ ವಿಷಯ, ಮೈನೋವು ಹಾಗಲ್ಲ, ಅದು ಎಲ್ಲರಿಗೂ ಬರುವಂಥದ್ದು ಅಂತ ಅಲ್ಲಿಗೆ ಬಂದ ರೋಗಿಗಳಿಗೆ ಅನ್ನಿಸುತ್ತಿತ್ತು. ಹಾಗಾಗಿ ಬಾಯಲ್ಲಿ ಬರುವುದು ಮೈನೋವೇ.

ಇಂಗ್ಲಿಷಿನ ಹಾಳೆಯನ್ನು ಕನ್ನಡಕ್ಕೆ ತರುವಾಗ ಒಂದು ಕ್ರಮ ಇದೆ. ಒಬ್ಬರು ಕನ್ನಡ ಮಾಡುತ್ತಾರೆ. ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷ್ ಮಾಡುತ್ತಾರೆ. ಎರಡೂ ಹೊಂದಿದರೆ ಪಾಸ್. ಇದರಲ್ಲಿ ಒಂದು ತಮಾಷೆ ಇದೆ. 'ಡಿಪ್ರೆಶನ್' ಹೋಗಿ 'ಖಿನ್ನತೆ' ಆಗುತ್ತದೆ, 'ಖಿನ್ನತೆ' ಹೋಗಿ ಮತ್ತೆ 'ಡಿಪ್ರೆಶನ್' ಆಗುತ್ತದೆ. ನೂರಕ್ಕೆ ನೂರು ಅಂಕ. ಇಬ್ಬರು ಓದಿದವರಿಗೆ ಪರಸ್ಪರ ಅರ್ಥವಾಯಿತು, ಬೀಡಿ ಕಟ್ಟುವ ಅಕ್ಕನಿಗೆ ಆಗಲಿಲ್ಲ. ಅದಕ್ಕೇ ಒಳ್ಳೆಯ ತಂಡಗಳು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಹತ್ತಾರು ಜನರಿಗೆ ಹಾಳೆ ಓದಿ ಹೇಳಿ, "ಇದರಲ್ಲಿ ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಲ್ಲಿ ಹೇಳಿ" ಅಂತ ಕೇಳುತ್ತವೆ.

ನಮ್ಮ ಕರಾವಳಿಯಲ್ಲಿ ಈ ಹೆಜ್ಜೆ ಬಿಟ್ಟರೆ ಕೆಲಸ ಕೆಟ್ಟಿತು ಅಂತಲೇ. ಬೆಂಗಳೂರಿನವರು "ರಜೆಯಲ್ಲಿ ಮನೇಲಿ ಕೂತು ಬೇಜಾರು" ಅಂದರೆ ಹೊತ್ತು ಹೋಗುತ್ತಿಲ್ಲ ಅಂತ. ಇಲ್ಲಿ ಬೇಜಾರು ಅಂದರೆ ಮನಸ್ಸಿಗೆ ನೋವು. 'ಉದಾಸೀನ' ಇನ್ನೂ ಅಪಾಯ. ಪುಸ್ತಕದಲ್ಲಿ ಅದು ಯಾವುದರ ಬಗ್ಗೆಯೂ ಗಮನ ಇಲ್ಲದಿರುವುದು. ಮಂಗಳೂರಿನಲ್ಲಿ ಅದು ಸೋಮಾರಿತನ. "ಎರಡು ವಾರದಲ್ಲಿ ಎಷ್ಟು ದಿನ ಉದಾಸೀನ ಆಯಿತು?" ಅಂತ ಕೇಳಿದರೆ, ಭಾನುವಾರ ಕೋರಿರೊಟ್ಟಿ ಉಂಡವರೆಲ್ಲ ಪ್ರಾಮಾಣಿಕವಾಗಿ ಟಿಕ್ ಹಾಕುತ್ತಾರೆ.

ಹೌದು, ಇಲ್ಲ ಕೂಡ ಅಷ್ಟು ಸುಲಭ ಅಲ್ಲ. "ನಿಮಗೆ ನಿದ್ದೆ ಬರೋದಿಲ್ವಾ?" ಅಂತ ಕೇಳಿ ನೋಡಿ. ಒಬ್ಬರು "ಹೌದು" ಅನ್ನುತ್ತಾರೆ, ಅಂದರೆ ಬರೋದಿಲ್ಲ. ಇನ್ನೊಬ್ಬರು "ಇಲ್ಲ" ಅನ್ನುತ್ತಾರೆ, ಅದೂ ಬರೋದಿಲ್ಲ ಅಂತಲೇ! ಮಾತಲ್ಲಿ ನಮಗೆ ಗೊಂದಲ ಆಗುವುದಿಲ್ಲ. ಹಾಳೆಯಲ್ಲಿ ಒಬ್ಬರಿಗೆ 1, ಒಬ್ಬರಿಗೆ 0. ಕನ್ನಡದ ಪ್ರಶ್ನಾವಳಿಯಲ್ಲಿ 'ಇಲ್ವಾ' ಅಂತ ಮುಗಿಯುವ ಪ್ರಶ್ನೆ ಕಂಡರೆ ನಾನು ಅಲ್ಲೇ ಕೆಂಪು ಗೆರೆ ಎಳೆಯುತ್ತೇನೆ.

ಇನ್ನು ಆ 'ಎರಡು ವಾರ'. ಮಲ್ಪೆಯಲ್ಲಿ ಬೋಟಿಗೆ ಹೋಗುವವರನ್ನು ಅಕ್ಟೋಬರಿನಲ್ಲಿ ನಿದ್ದೆ ಸರಿ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ರಾತ್ರಿಯೆಲ್ಲ ಬಲೆ ಎಳೆದವರು ಮತ್ತೇನು ಹೇಳಬೇಕು? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಅದೇ ಪ್ರಶ್ನೆ ಕೇಳಿದರೆ ನಿದ್ದೆ ಉಂಟು, ಆದರೆ ಕೈಯಲ್ಲಿ ದುಡ್ಡಿಲ್ಲ. ಅಂಕ ಬದಲಾದದ್ದು ಮನಸ್ಸಿನಿಂದಲೋ ಮೀನುಗಾರಿಕೆ ನಿಷೇಧದಿಂದಲೋ ಅಂತ ಹಾಳೆಗೆ ಗೊತ್ತಾಗುವುದಿಲ್ಲ. ಪರೀಕ್ಷೆಯ ಹಿಂದಿನ ವಾರ ತುಂಬಿಸಿದ್ದರೆ ನಿಮ್ಮ ಮಗಳ 12ರಲ್ಲೂ ಸ್ವಲ್ಪ ಪಾಲು ಓದಿನದ್ದಿರಬಹುದು.

ಉತ್ತರದ ಚೌಕಗಳೂ ನಮ್ಮನ್ನು ತಳ್ಳುತ್ತವೆ. ಜರ್ಮನಿಯಲ್ಲಿ ನಾರ್ಬರ್ಟ್ ಶ್ವಾರ್ಜ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿ 1985ರಲ್ಲಿ ಪ್ರಕಟಿಸಿದರು. ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಅಂತ ಕೇಳಿದ್ದು. ಒಂದು ಗುಂಪಿನ ಹಾಳೆಯಲ್ಲಿ ಚೌಕಗಳು ಅರ್ಧ ಗಂಟೆಯಿಂದ ಶುರುವಾಗಿ 'ಎರಡೂವರೆ ಗಂಟೆಗಿಂತ ಹೆಚ್ಚು' ಅಂತ ಮುಗಿಯುತ್ತಿದ್ದವು. ಇನ್ನೊಂದರಲ್ಲಿ ಎರಡೂವರೆ ಗಂಟೆಯಿಂದಲೇ ಶುರು. ಮೊದಲ ಗುಂಪಿನಲ್ಲಿ ಎರಡೂವರೆ ಗಂಟೆಗಿಂತ ಹೆಚ್ಚು ನೋಡುತ್ತೇವೆ ಅಂದವರು ನೂರಕ್ಕೆ 16. ಎರಡನೆಯದರಲ್ಲಿ 37ಕ್ಕೂ ಹೆಚ್ಚು. ಯಾರೂ ಗಡಿಯಾರ ಹಿಡಿದು ಟಿವಿ ನೋಡುವುದಿಲ್ಲ. "ನಾನು ಮಧ್ಯದಲ್ಲೆಲ್ಲೋ ಇರಬೇಕು" ಅಂದುಕೊಂಡು ಮಧ್ಯದ ಚೌಕಕ್ಕೆ ಕೈ ಹೋಗುತ್ತದೆ.

ನನ್ನ ಅನುಭವದಲ್ಲಿ, "ಈಗ ಹೇಗಿದ್ದೀರಿ" ಅಂತ ಕೇಳಿದರೆ ಉತ್ತರ ನಂಬಬಹುದು. "ಎಷ್ಟು ಸಲ" ಅಂದರೆ ಅಂದಾಜು. "ಯಾಕೆ" ಅಂತ ಕೇಳಿದರೆ ಕಥೆ ಶುರು. 1977ರಲ್ಲಿ ನಿಸ್ಬೆಟ್ ಮತ್ತು ವಿಲ್ಸನ್ ಎಂಬ ಮನಃಶಾಸ್ತ್ರಜ್ಞರು ಬರೆದ ಲೇಖನದಲ್ಲಿ ಒಂದು ಮಜಾ ಇದೆ. ಒಂದೇ ಥರದ ನಾಲ್ಕು ಜೊತೆ ಕಾಲುಚೀಲ ಸಾಲಾಗಿ ಇಟ್ಟು ಯಾವುದು ಚೆನ್ನಾಗಿದೆ ಅಂತ ಕೇಳಿದರು. ತುಂಬಾ ಜನ ಬಲಗಡೆಯ ಕೊನೆಯದನ್ನೇ ಆರಿಸಿದರು. ಯಾಕೆ ಆರಿಸಿದಿರಿ ಅಂತ ಕೇಳಿದಾಗ ಯಾರೂ ಇಟ್ಟ ಜಾಗದ ಮಾತೇ ಎತ್ತಲಿಲ್ಲ. ಸೀರೆ ಅಂಗಡಿಯಲ್ಲಿ ನಾವು ಮಾಡುವುದೂ ಇದನ್ನೇ ಅಂತ ನನಗೆ ಗುಮಾನಿ.

ನೀವು ಕೇಳಿದ ಸುಳ್ಳಿನ ವಿಷಯಕ್ಕೆ ಬಂದರೆ, ಅದಕ್ಕೂ ಬಲೆ ಇದೆ. 1943ರ ಎಂಎಂಪಿಐ ಎಂಬ ದೊಡ್ಡ ವ್ಯಕ್ತಿತ್ವ ಪರೀಕ್ಷೆಯಲ್ಲಿ ಸುಳ್ಳು ಹಿಡಿಯಲಿಕ್ಕೆಂದೇ ಕೆಲವು ಪ್ರಶ್ನೆಗಳಿವೆ. ಕ್ರೌನ್ ಮತ್ತು ಮಾರ್ಲೋ 1960ರಲ್ಲಿ 33 ವಾಕ್ಯಗಳ ಪಟ್ಟಿ ಮಾಡಿದರು. ಇವತ್ತಿನವರೆಗೆ ಯಾರ ಮೇಲೂ ಸಿಟ್ಟು ಬಂದಿಲ್ಲ ಅನ್ನುವ ಧಾಟಿಯ ಮಾತುಗಳಿಗೆ ನೀವು ಸಾಲಾಗಿ ಹೌದು ಅಂದರೆ, ಒಳ್ಳೆಯವರಾಗಿ ಕಾಣುವ ಆಸೆ ಜಾಸ್ತಿ ಅಂತ ಲೆಕ್ಕ. ಗಲ್ಫ್ ಕೆಲಸದ ಇಂಟರ್ವ್ಯೂನಲ್ಲಿ ಕೊಡುವ ಹಾಳೆಗೆ ಇಂಥ ಬಲೆ ಬೇಕು. ಪಿಎಚ್‌ಕ್ಯೂನಲ್ಲಿ ಇದು ಇಲ್ಲ. ಸಹಾಯ ಕೇಳಿಕೊಂಡು ಬಂದವರ ಮೇಲೆ ಬಲೆ ಹಾಕುವ ಅಗತ್ಯ ಇಲ್ಲ ಅಂತ ನನ್ನ ಅನಿಸಿಕೆ.

ಹಾಗಾದರೆ 12ಕ್ಕೆ ಬೆಲೆ ಎಷ್ಟು? 2001ರ ಆ ಅಧ್ಯಯನದಲ್ಲಿ 580 ಮಂದಿಯನ್ನು ತಜ್ಞರು ಬೇರೆಯಾಗಿ ಮಾತಾಡಿಸಿ, ಆಮೇಲೆ ಅಂಕದೊಂದಿಗೆ ಹೋಲಿಸಿದರು. ಖಿನ್ನತೆ ಇದ್ದ ನೂರರಲ್ಲಿ 88 ಮಂದಿಗೆ 10 ಅಥವಾ ಅದಕ್ಕಿಂತ ಹೆಚ್ಚು ಬಂದಿತ್ತು. ಇಲ್ಲದ ನೂರರಲ್ಲಿ 88 ಮಂದಿಗೆ 10ಕ್ಕಿಂತ ಕಡಿಮೆ. ಕೇಳಲಿಕ್ಕೆ ಚೆಂದ. ಈಗ ಒಂದು ಲೆಕ್ಕ ಮಾಡೋಣ. ಸಾವಿರ ಮಕ್ಕಳ ಕಾಲೇಜು, ಅದರಲ್ಲಿ ನೂರು ಮಂದಿಗೆ ನಿಜವಾಗಿ ಖಿನ್ನತೆ ಇದೆ ಅಂತ ಇಟ್ಟುಕೊಳ್ಳಿ. ಹಾಳೆ 88 ಮಂದಿಯನ್ನು ಹಿಡಿಯುತ್ತದೆ. ಉಳಿದ 900ರಲ್ಲಿ ನೂರಕ್ಕೆ 12ರಂತೆ 108 ಮಂದಿಗೂ 10 ಅಥವಾ ಹೆಚ್ಚು ಬರುತ್ತದೆ. ಅಂದರೆ ಕೌನ್ಸೆಲರ್ ಹತ್ತಿರ ಹೋಗು ಅನ್ನಿಸಿಕೊಂಡ 196 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಖಿನ್ನತೆ ಇಲ್ಲ. ಹನ್ನೆರಡು ಮಂದಿ ಖಿನ್ನತೆ ಇದ್ದೂ ತಪ್ಪಿಸಿಕೊಂಡರು.

ಹಾಗಾಗಿ ಅದು ಕಾಯಿಲೆಯ ಸರ್ಟಿಫಿಕೇಟ್ ಅಲ್ಲ. ಕಾಲೇಜಿನವರು "ನಿಮ್ಮ ಮಗಳಿಗೆ ಡಿಪ್ರೆಶನ್ ಇದೆ" ಅಂದಿದ್ದರೆ ನಾನು ಜಗಳಕ್ಕೆ ಹೋಗುತ್ತಿದ್ದೆ. ಅವರು ಕೌನ್ಸೆಲರ್ ಹತ್ತಿರ ಹೋಗು ಅಂದಿದ್ದಾರೆ. ಹಾಳೆ ಮಾಡಬೇಕಾದ ಕೆಲಸ ಅಷ್ಟೇ, ಅದನ್ನು ಮಾಡಿದೆ. ಹೋಗಲಿ. ಅಲ್ಲಿ ಯಾರಾದರೂ ಕೂತು ಮಾತಾಡಿಸುತ್ತಾರೆ.

ಫೋನಿನಲ್ಲಿ "ಎಂತಕ್ಕೆ 12 ಬಂತು?" ಅಂತ ಪರೀಕ್ಷೆ ಮಾರ್ಕಿನ ಹಾಗೆ ಕೇಳಬೇಡಿ. ಮುಂದಿನ ಸಲ ಅವಳು ಸೊನ್ನೆ ತಂದುಕೊಡುತ್ತಾಳೆ, ಅಷ್ಟೇ. ಒಟ್ಟು ಅಂಕ ಬಿಡಿ. ನಿದ್ದೆ, ಊಟ, ಹಾಸ್ಟೆಲ್ ರೂಮು, ಇವುಗಳ ಬಗ್ಗೆ ಮಾತಾಡಿ, ಅವಳ ಮಾತಲ್ಲೇ ಹೇಳಲಿ. ಮನೆಯಲ್ಲಿ ತುಳು ಮಾತಾಡುವವರಾದರೆ ತುಳುವಿನಲ್ಲೇ ಕೇಳಿ.

ಒಂದು ವಿಷಯ ಮಾತ್ರ ಬೇರೆ. ಒಂಬತ್ತನೆಯ ಪ್ರಶ್ನೆ, ಸತ್ತರೆ ಒಳ್ಳೆಯದಿತ್ತು ಅನ್ನುವ ಅಥವಾ ತನಗೇ ತೊಂದರೆ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದರಲ್ಲಿ ಸೊನ್ನೆ ಬಿಟ್ಟು ಬೇರೆ ಯಾವ ಟಿಕ್ ಇದ್ದರೂ, ಒಟ್ಟು ನಾಲ್ಕೇ ಬಂದಿದ್ದರೂ, ನಾನು ಮೇಲೆ ಹೇಳಿದ ಸಂಶಯ, ಲೆಕ್ಕ ಎಲ್ಲ ಬದಿಗಿಡಿ. ಅವತ್ತೇ ಅವಳ ಹತ್ತಿರ ಹೋಗಿ. ಟೆಲಿ-ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡಬಹುದು. ಅವಳೂ ಮಾಡಬಹುದು, ನೀವೂ ಮಾಡಬಹುದು.